ಖರೆ ನಕಲು

ಧಾರವಾಡದಲ್ಲಿ ಒಂದು ಸಂಜೆ, ಗ್ರಂಥಾಲಯದ ಮಹಡಿ ಮೇಲೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೂತವರು ನಡುವೆ ಎದ್ದು ಹೇಳಿದ್ದನ್ನು ಮಾತ್ರ ಬಿಟ್ಟಿಲ್ಲ. ಅವು ನನ್ನ ಮಾತಿಗಿಂತ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ.

ನನ್ನ ಹೊಟ್ಟೆಪಾಡು ಅನುವಾದ. ಕಥೆ, ಕವಿತೆ ಅಲ್ಲ. ಕೋರ್ಟಿನ ಕಾಗದ, ಬ್ಯಾಂಕಿನ ಕಾಗದ, ಆಸ್ತಿ ಕಾಗದ, ಯಂತ್ರದ ಜೊತೆ ಬರುವ ಪುಸ್ತಕ, ಇಂಥವು. ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ‘ಟ್ರೂ’. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಪದ. ಇದರ ಮೇಲೆ ಒಂದು ತಾಸು ಏನು ಹೇಳ್ತಾನೆ ಇವನು ಅಂತ ನಿಮಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, ಈ ಪದ ನನ್ನನ್ನು ಒಮ್ಮೆ ಕೆಡವುವ ತನಕ.

ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರು ಕಡೆಯ ಒಬ್ಬ ರೈತರು ಬಂದರು. ಕೈಯಲ್ಲಿ ಬೀಜದ ಪಾಕೀಟು, ಅದಕ್ಕೆ ಹೊಲಿದ ಹಸಿರು ಚೀಟಿ, ಒಂದಿಷ್ಟು ಇಂಗ್ಲಿಷ್ ಕಾಗದ. ಎಲ್ಲಾ ಕನ್ನಡ ಮಾಡಿಕೊಡಿ ಅಂದರು. ಚೀಟಿಯ ಮೇಲೆ ‘ಟ್ರೂತ್‌ಫುಲ್ ಲೇಬಲ್’ ಅಂತಿತ್ತು. ನಾನು ಅವಸರದಲ್ಲಿ ‘ಸತ್ಯವಾದ ಬೀಜ’ ಅಂತ ಬರೆದುಕೊಟ್ಟೆ. ದುಡ್ಡೂ ಇಸಿದುಕೊಂಡೆ. ವಾರದ ನಂತರ ಅವರು ತಿರುಗಿ ಬಂದರು.

“ಸರ, ಸತ್ಯವಾದ ಬೀಜ ಅಂತ ನೀವ ಬರದೀರಿ. ಸತ್ಯ ಇದ್ದಿದ್ರ ಹುಟ್ಟಬೇಕಿತ್ತಲ್ರೀ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಬೀಜದ ಕಾಯ್ದೆ ಓದಿದೆ. 1966ರ ಕಾಯ್ದೆ ಅದು. ಚೀಟಿಗಳಿಗೆ ಬಣ್ಣ ಇದೆ. ತಳಿ ವಿಜ್ಞಾನಿಯ ಕೈಯಿಂದ ಬರುವ ಬೀಜಕ್ಕೆ ಬಂಗಾರದ ಹಳದಿ. ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ. ಪ್ರಮಾಣಿತ ಬೀಜಕ್ಕೆ ನೀಲಿ. ಹಸಿರು ಚೀಟಿಯದು ಬೇರೆ ಕಥೆ. ಅಲ್ಲಿ ಪ್ರಮಾಣೀಕರಣದವರು ಹೊಲಕ್ಕೆ ಬಂದು ನಿಂತು ನೋಡಿರುವುದಿಲ್ಲ. ಬೀಜ ಮಾಡಿದವರೇ ಪರೀಕ್ಷೆ ಮಾಡಿ, ಮೊಳಕೆ ಇಷ್ಟು, ಶುದ್ಧತೆ ಇಷ್ಟು ಅಂತ ತಾವೇ ಬರೆದು, ತಮ್ಮ ಮಾತಿಗೆ ತಾವೇ ಹೊಣೆ ಅಂತ ಹೇಳುತ್ತಾರೆ. ಅಂದರೆ ‘ಟ್ರೂತ್’ ಅನ್ನೋದು ಬೀಜಕ್ಕೆ ಹೇಳಿದ್ದೇ ಅಲ್ಲ. ಚೀಟಿಗೆ ಹೇಳಿದ್ದು. ಪಾಕೀಟಿನ ಮೇಲಿನ ಮಾತು ನಂಬಿ ಅನ್ನುವ ಒಂದು ವಚನ ಅದು. ಬೀಜ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಬೀಜ ಬೀಜ.

ಅಲ್ಲಿಂದ ನಾನು ಈ ಪದದ ಬೆನ್ನು ಹತ್ತಿದೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಇದ್ದ ಅರ್ಥ ‘ಇದ್ದದ್ದು ಇದ್ದ ಹಾಗೆ’ ಅಂತ ಅಲ್ಲವೇ ಅಲ್ಲ. ‘ನೆಚ್ಚಬಹುದಾದವನು’, ‘ಕೊಟ್ಟ ಮಾತಿಗೆ ನಿಲ್ಲುವವನು’ ಅಂತ. ಒಡೆಯನಿಗೆ ನಿಷ್ಠನಾದ ಬಂಟ ‘ಟ್ರೂ’. ವಾಕ್ಯ ‘ಟ್ರೂ’ ಆಗಿದ್ದು ಆಮೇಲೆ. ಮೊದಲು ಮನುಷ್ಯ ‘ಟ್ರೂ’ ಆಗಿದ್ದ. ಇದರ ಅಕ್ಕತಂಗಿಯರನ್ನು ನೋಡಿ. ‘ಟ್ರಸ್ಟ್’ ಅಂದರೆ ನಂಬಿಕೆ. ‘ಬಿಟ್ರೋತಲ್’ ಅಂದರೆ ಹೆಣ್ಣು ಗಂಡು ನಿಶ್ಚಯ ಮಾಡುವುದು. ನಮ್ಮ ಕಡೆ “ಮಾತು ಮುಗೀತು” ಅಂತೀವಲ್ಲ, ಅದೇ. ‘ಟ್ರೂಸ್’ ಅಂದರೆ ಕದನ ವಿರಾಮ. ಅದು ಹುಟ್ಟಿನಲ್ಲಿ ಬಹುವಚನ, ‘ಕೊಟ್ಟ ಮಾತುಗಳು’ ಅಂತ. ಈ ಮನೆತನದಲ್ಲಿ ಎಲ್ಲರೂ ಮಾತು ಕೊಟ್ಟವರೇ.

ಇನ್ನೂ ಹಿಂದೆ ಹೋದರೆ ಇದು ಮರಕ್ಕೆ ಮುಟ್ಟುತ್ತದೆ. ‘ಟ್ರೂ’ ಮತ್ತು ‘ಟ್ರೀ’ ಒಂದೇ ಬೇರಿನವು ಅಂತ ಭಾಷಾಶಾಸ್ತ್ರದವರು ಬಹಳ ಮಂದಿ ಹೇಳುತ್ತಾರೆ. ಮರದ ಹಾಗೆ ಗಟ್ಟಿ, ಅಲ್ಲಾಡದ್ದು ಅಂತ. ಸಂಸ್ಕೃತದ ‘ದಾರು’, ಅಂದರೆ ಕಟ್ಟಿಗೆ, ಅದೂ ಈ ಬಳಗದ್ದೇ. ಹಾಗಾಗಿ ನಮ್ಮ ದೇವದಾರು ಮತ್ತು ಇಂಗ್ಲಿಷರ ‘ಟ್ರೂ’ ದೂರದ ಸಂಬಂಧಿಕರು. ನಾವು ‘ಅಸಲಿ’ ಅಂತೀವಲ್ಲ, ಅದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಬೇರು, ಬುಡ. ಒಬ್ಬರು ಕಾಂಡ ಹಿಡಿದರು, ಒಬ್ಬರು ಬೇರು ಹಿಡಿದರು. ಸಾಲದ ಅಸಲು ಅಂತೀವಲ್ಲ, ಅಲ್ಲೂ ಅಷ್ಟೇ. ಬುಡ ಅಸಲು, ಮೇಲೆ ಚಿಗುರಿದ್ದು ಬಡ್ಡಿ. ಬುಡಕ್ಕಿಂತ ಚಿಗುರು ಜಾಸ್ತಿ ಆದಾಗ ಜನ ನನ್ನ ಹತ್ತಿರ ಬ್ಯಾಂಕಿನ ಕಾಗದ ತರುತ್ತಾರೆ.

ಹಾಗಾದರೆ ನಮ್ಮ ‘ಸತ್ಯ’ಕ್ಕೆ ಇಂಗ್ಲಿಷಿನಲ್ಲಿ ಒಡಹುಟ್ಟು ಇಲ್ಲವಾ? ಇತ್ತು. ‘ಸೂತ್’ ಅಂತ. ‘ಸತ್’ ಅಂದರೆ ಇರುವಂಥದ್ದು. ‘ಸೂತ್’ ಕೂಡ ಅದೇ ಬೇರಿನಿಂದ ಬಂದದ್ದು. ಆ ಪದ ಈಗ ಸತ್ತಿದೆ. ಆದರೆ ಎರಡು ಕಡೆ ಅದರ ಗುರುತು ಉಳಿದಿದೆ. ಒಂದು ‘ಸೂತ್‌ಸೇಯರ್’. ಹುಟ್ಟಿದಾಗ ಅವನು ಸತ್ಯ ನುಡಿಯುವವನು, ಈಗ ಕಣಿ ಹೇಳುವವನು. ಇನ್ನೊಂದು ‘ಸೂದ್’ ಅನ್ನುವ ಕ್ರಿಯಾಪದ. ಈಗ ಅದಕ್ಕೆ ಸಮಾಧಾನ ಮಾಡು, ತಣಿಸು ಅಂತ ಅರ್ಥ. ಅಳುವ ಕೂಸಿಗೆ, ಉರಿಯುವ ಗಾಯಕ್ಕೆ ಬಳಸುತ್ತಾರೆ. ಮೊದಲು ಇದ್ದ ಅರ್ಥ ‘ಇದು ಸತ್ಯ ಅಂತ ತೋರಿಸು’. ಆಮೇಲೆ ‘ಹೌದು ಹೌದು ನೀ ಹೇಳಿದ್ದೇ ಖರೆ ಅನ್ನು’ ಅಂತಾಯಿತು. ಅಲ್ಲಿಂದ ‘ಪುಸಲಾಯಿಸು’. ಕೊನೆಗೆ ‘ಸಮಾಧಾನ ಮಾಡು’. ನಮ್ಮ ಮನೆಗಳಲ್ಲಿ ಅಜ್ಜನ ಮುಂದೆ ಎಲ್ಲರೂ “ಹೌದ್ರಿ, ಹೌದ್ರಿ” ಅಂತ ತಲೆ ಆಡಿಸುತ್ತಾರಲ್ಲ, ಆ ಪದದ ಇಡೀ ಚರಿತ್ರೆ ಅದರಲ್ಲಿದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ಎದ್ದರು. “ಎಲ್ಲಾ ಸರಿ. ‘ಹೌದು’ ಅನ್ನೋದನ್ನ ಬಿಟ್ಟೀರಲ್ಲ” ಅಂದರು. ನಾಚಿಕೆ ಆಯಿತು ನನಗೆ. ಅದು ‘ಅಹುದು’, ‘ಆಗು’ ಅನ್ನುವುದರಿಂದ ಬಂದದ್ದು. ಇರುವುದನ್ನೇ ನಿಜ ಅನ್ನುವುದಕ್ಕೆ ನಾವು ಸಂಸ್ಕೃತದ ತನಕ ಹೋಗಬೇಕಾಗಿಲ್ಲ. ಪಕ್ಕದ ಮನೆಯವರು ಏನೋ ಸುದ್ದಿ ತಂದರೆ ನಾವು “ಸತ್ಯವೇ?” ಅಂತ ಕೇಳ್ತೀವಾ? “ಹೌದಾ?” ಅಂತ ಕೇಳ್ತೀವಿ. ಧಾರವಾಡದಲ್ಲಿ “ಹೌದೇನ್ರೀ?” ಅಂತೀವಿ. ಇಲ್ಲಾ, “ಖರೇನ?” ಅಂತೀವಿ.

‘ಖರೆ’ ಅಂದ ಕೂಡಲೇ ಬೆಂಗಳೂರಿನವರು ನಮ್ಮನ್ನು ಗುರುತು ಹಿಡಿಯುತ್ತಾರೆ. ಮರಾಠಿಯ ಒಡನಾಟದಿಂದ ಬಂದ ಮಾತು. ಹಿಂದಿಯಲ್ಲಿ ‘ಖರಾ’. ಅದು ಚಿನಿವಾರರ ಕಟ್ಟೆಯ ಮಾತು. ಬಂಗಾರ ಒರೆಗೆ ಹಚ್ಚಿದಾಗ ನಿಂತದ್ದು ಖರೆ, ನಿಲ್ಲದ್ದು ಖೋಟಾ. ಖೋಟಾ ನೋಟು ಅಂತ ಇಡೀ ಕರ್ನಾಟಕ ಹೇಳುತ್ತದೆ. ಅದರ ಜೋಡಿಯನ್ನು ಮಾತ್ರ ನಮ್ಮ ಕಡೆ ಬಿಟ್ಟು ಹೋಗಿದ್ದಾರೆ. ನನಗೆ ಈ ಪದ ಬಹಳ ಇಷ್ಟ. ‘ಸತ್ಯ’ ಅಂದರೆ ಹರಿಶ್ಚಂದ್ರ ನೆನಪಾಗುತ್ತಾನೆ, ಭಯ ಆಗುತ್ತದೆ. ‘ಖರೆ’ ಅಂದರೆ ಅಷ್ಟು ಭಾರ ಇಲ್ಲ. ತಿಕ್ಕಿ ನೋಡು, ಆಮೇಲೆ ಹೇಳು ಅಂತ.

‘ನಿಜ’ದ್ದು ಇನ್ನೊಂದು ತಮಾಷೆ. ಸಂಸ್ಕೃತದಲ್ಲಿ ಅದು ‘ತನ್ನದು’, ‘ಹುಟ್ಟಿನಿಂದ ಬಂದದ್ದು’. ನಾವು ಅದನ್ನು ಸತ್ಯ ಮಾಡಿಕೊಂಡೆವು. ತನ್ನ ಸ್ವಂತ ರೂಪವೇ ನಿಜ ರೂಪ ಅಂತ. ಹಿಂದಿಯವರು ಹಾಗೇ ಇಟ್ಟುಕೊಂಡರು. ಅವರಿಗೆ ‘ನಿಜೀ’ ಅಂದರೆ ಖಾಸಗಿ. ‘ನಿಜೀ ವಾಹನ’ ಅಂತ ಹಿಂದಿಯಲ್ಲಿ ಬರೆದ ಫಲಕ ಕಂಡಾಗಲೆಲ್ಲ, ಹಂಗಾದ್ರೆ ಉಳಿದ ಗಾಡಿಗಳು ಸುಳ್ಳಾ ಅಂತ ನನಗೆ ನಗು ಬರುತ್ತದೆ.

ಈಗ ಹುಬ್ಬಳ್ಳಿಗೆ ಹೋಗೋಣ. ಸೈಕಲ್ ಅಂಗಡಿಗೆ.

ನನ್ನ ಮಗಳ ಸೈಕಲ್ ಹಿಂದಿನ ಗಾಲಿ ಅಡ್ಡಾದಿಡ್ಡಿ ಓಡಾಡುತ್ತಿತ್ತು. ಬ್ರೇಕಿಗೆ ಉಜ್ಜಿ ಚರ್ ಚರ್ ಅನ್ನುತ್ತಿತ್ತು. ಅಂಗಡಿಯ ಕಾಕಾ ಗಾಲಿ ಎತ್ತಿ ಒಮ್ಮೆ ತಿರುಗಿಸಿದರು. “ಔಟ್ ಆಗೇತ್ರಿ” ಅಂದರು. ಮುಗೀತು ರೋಗದ ಹೆಸರು. ಸೀಮೆಸುಣ್ಣದ ತುಂಡು ತೆಗೆದು, ರಿಮ್ಮಿಗೆ ಕೂದಲೆಳೆ ದೂರದಲ್ಲಿ ಹಿಡಿದು, ಗಾಲಿ ಬಿಟ್ಟರು. ಎಲ್ಲಿ ರಿಮ್ಮು ಉಬ್ಬಿತ್ತೋ ಅಲ್ಲಿ ಬಿಳಿ ಗೆರೆ ಬಿತ್ತು. ಗೆರೆ ಬಿದ್ದ ಮಗ್ಗುಲಿನ ಕಡ್ಡಿಗಳನ್ನು ಪುಟ್ಟ ಚಾವಿಯಿಂದ ಅರ್ಧ ಸುತ್ತು ಸಡಿಲ ಮಾಡಿದರು. ಎದುರು ಮಗ್ಗುಲಿನವನ್ನು ಅರ್ಧ ಸುತ್ತು ಬಿಗಿ ಮಾಡಿದರು. ಮತ್ತೆ ತಿರುಗಿಸಿದರು. ಗೆರೆ ಚಿಕ್ಕದಾಯಿತು. ಬೆರಳಿನಿಂದ ಒರೆಸಿ ಮತ್ತೊಮ್ಮೆ. ನಮ್ಮ ಹಳೇ ಸೈಕಲ್ಲುಗಳಿಗೆ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಒಂದನ್ನು ಎಳೆದರೆ ಉಳಿದ ಮೂವತ್ತೊಂಬತ್ತಕ್ಕೂ ಸುದ್ದಿ ಮುಟ್ಟುತ್ತದೆ. ಕಾಲು ತಾಸಿನ ನಂತರ ಗಾಲಿ ತಿರುಗಿದಾಗ ಸುಣ್ಣ ಎಲ್ಲೂ ತಾಗಲಿಲ್ಲ. “ಈಗ ಸರಿ ಆತು ನೋಡ್ರಿ.”

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹೆಸರು ‘ಟ್ರೂಯಿಂಗ್’. ಗಾಲಿಯನ್ನು ‘ಟ್ರೂ’ ಮಾಡುವುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ, ಐಟಿಐ ಹುಡುಗರ ಬಾಯಲ್ಲಿ ಈ ಪದ ಈಗಲೂ ಇದೆ. ಲೇಥ್ ಅನ್ನುವ ಕಡೆಯುವ ಯಂತ್ರದ ನಾಲ್ಕು ಹಲ್ಲಿನ ಹಿಡಿಕೆಯಲ್ಲಿ ಕಬ್ಬಿಣದ ತುಂಡು ಕಚ್ಚಿಸಿ, ಪಕ್ಕದಲ್ಲಿ ಡಯಲ್ ನಿಲ್ಲಿಸಿ, ಮುಳ್ಳು ಅಲ್ಲಾಡದ ಹಾಗೆ ಮಾಡುವ ತನಕ “ಟ್ರೂ ಮಾಡ್ತಾ ಇದೀನಿ ಸರ್” ಅಂತಾರೆ. ಇದನ್ನು ಕನ್ನಡಕ್ಕೆ ‘ಸತ್ಯಗೊಳಿಸು’ ಅಂತ ಯಾರಾದರೂ ಮಾಡಿದರೆ ಅವರನ್ನು ಕಾಕಾನ ಅಂಗಡಿಯಲ್ಲಿ ಒಂದು ದಿನ ಕೂರಿಸಬೇಕು. ಅದಕ್ಕೆ ಕನ್ನಡ ‘ಸರಿ’. ಸರಿ ಅಂದರೆ ಸಮ. ಸರಿ ಅಂದರೆ ತಪ್ಪಲ್ಲದ್ದು. ಸರಿ ಮಾಡು ಅಂದರೆ ರಿಪೇರಿ ಮಾಡು. ಮೂರೂ ಒಂದೇ ಪದದಲ್ಲಿ ಕೂತಿವೆ. ಇಂಗ್ಲಿಷರಿಗೆ ‘ಟ್ರೂ’ ಸಿಕ್ಕ ಹಾಗೆ ನಮಗೆ ‘ಸರಿ’ ಸಿಕ್ಕಿದೆ.

ಶಾಲೆಯ ಪರೀಕ್ಷೆಯಲ್ಲಿ ‘ಟ್ರೂ ಆರ್ ಫಾಲ್ಸ್’ ಅನ್ನುವುದನ್ನು ನಮ್ಮವರು ‘ಸರಿಯೋ ತಪ್ಪೋ ತಿಳಿಸಿ’ ಅಂತ ಮಾಡಿದ್ದಾರೆ. ಯಾರು ಮೊದಲು ಮಾಡಿದರೋ, ಪುಣ್ಯಾತ್ಮರು. ‘ಸತ್ಯವೋ ಸುಳ್ಳೋ’ ಅಂತ ಮಾಡಿದ್ದರೆ, ಗದಗ ತುಂಗಭದ್ರೆಯ ದಂಡೆ ಮೇಲಿದೆ ಅಂತ ಬರೆದ ಹುಡುಗ ಸುಳ್ಳುಗಾರ ಆಗುತ್ತಿದ್ದ. ಪಾಪ, ಅವನದು ಬರೀ ತಪ್ಪು.

ಗಾಲಿಯ ಮುಂದೆ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ಗಾಲಿ ಯಾವುದಕ್ಕೆ ಸರಿ? ತನ್ನ ನಡುವಿನ ಅಚ್ಚಿಗೆ ಸರಿ. ‘ಟ್ರೂ’ ಅನ್ನುವ ಪದ ಎಲ್ಲೇ ಬರಲಿ, ಹಿಂದೆ ಒಬ್ಬ ಎರಡನೆಯವನು ಇರುತ್ತಾನೆ. ಯಾವುದಕ್ಕೆ, ಯಾರಿಗೆ ಅನ್ನುವವನು. ಇಂಗ್ಲಿಷಿನಲ್ಲಿ ಅವನು ಬಾಗಿಲ ಹಿಂದೆ ನಿಂತಿರುತ್ತಾನೆ. ಕನ್ನಡ ಮಾಡುವಾಗ ಅವನನ್ನು ಹೊರಗೆ ಕರೆಯಬೇಕು, ಇಲ್ಲದಿದ್ದರೆ ಅನುವಾದ ಆಗುವುದೇ ಇಲ್ಲ. ಬೀಜದ ಚೀಟಿಯಲ್ಲಿ ನಾನು ತಪ್ಪಿದ್ದು ಅಲ್ಲೇ. ಚೀಟಿಯ ಜಾಗದಲ್ಲಿ ಬೀಜವನ್ನು ತಂದು ನಿಲ್ಲಿಸಿದ್ದೆ.

ಬೀಜಕ್ಕೂ ಅದರದೇ ಒಂದು ‘ಟ್ರೂ’ ಇದೆ. ತಾಯಿ ಗಿಡದ ಹಾಗೇ ಮಗು ಗಿಡ ಬಂದರೆ ಅದು ‘ಟ್ರೂ’. ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಅಂತ ಬಟಾಣಿ ಗಿಡಗಳಲ್ಲಿ ಲೆಕ್ಕ ಹಾಕಿದ ಮೆಂಡೆಲ್ ತನ್ನ ಬರಹ ಅಚ್ಚು ಹಾಕಿಸಿದ್ದು 1866ರಲ್ಲಿ. ಪ್ರಯೋಗ ಶುರು ಮಾಡುವ ಮೊದಲು ಅವನು 34 ಬಗೆಯ ಬಟಾಣಿ ತರಿಸಿ, ಎರಡು ವರ್ಷ ಸುಮ್ನೆ ಬೆಳೆದು ನೋಡಿದ. ಯಾವುದು ವರ್ಷ ವರ್ಷವೂ ತನ್ನ ಹಾಗೇ ಬರುತ್ತದೆ ಅಂತ. ಅದರಲ್ಲಿ 22 ಆರಿಸಿಕೊಂಡ. ಉಳಿದ ಲೆಕ್ಕವೆಲ್ಲ ಆಮೇಲಿನದು. ಹೈಬ್ರಿಡ್ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ನಮ್ಮ ಧಾರವಾಡದ ಹೆಸರು ಹೊತ್ತ ಡಿಸಿಎಚ್-32 ಹತ್ತಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ್ದು. ಎಳೆ ಉದ್ದ, ನೋಡಲು ಚೆಂದ. ಆದರೆ ಅದರ ಬೀಜ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಹೊಲದಲ್ಲಿ ಒಂದು ಗಿಡ ಅಪ್ಪನ ಕಡೆ, ಒಂದು ಅವ್ವನ ಕಡೆ, ಒಂದು ಯಾರ ಕಡೆಯೂ ಅಲ್ಲ. ಹೈಬ್ರಿಡ್ ಬೀಜ ವರ್ಷ ವರ್ಷ ಕೊಳ್ಳಬೇಕು ಅನ್ನುವುದಕ್ಕೆ ಕಾರಣ ಇದೇ. ಇದರ ಎದುರಿಗೆ ನಾವು ಇಟ್ಟ ಪದ ‘ಜವಾರಿ’. ಜವಾರಿ ಬೀಜ, ಜವಾರಿ ಮೆಣಸಿನಕಾಯಿ, ಜವಾರಿ ಕೋಳಿ, ಜವಾರಿ ಮಾತು. ಹಾವೇರಿ ಕಡೆಯ ಹೆಣ್ಣುಮಗಳು ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗೈಯಲ್ಲಿ ಹಿಡಿದು, ಸುಕ್ಕು ನೋಡಿ, ಮುರಿದು ಮೂಸಿ, “ಜವಾರಿ ಐತಿ” ಅಂದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಗೊತ್ತಿಲ್ಲ. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಸೂಚಕ, ಅಂದರೆ ಈ ಹೆಸರು ಈ ಸೀಮೆಯ ಬೆಳೆಗೇ ಸೇರಿದ್ದು ಅನ್ನುವ ಗುರುತು, ಸಿಕ್ಕಿತು. ಅದು ಸರ್ಕಾರ ಹೇಳಿದ ಜವಾರಿ.

ತಂಬೂರಿಯಲ್ಲೂ ಒಂದು ಜವಾರಿ ಇದೆ, ಅದು ಬೇರೆ. ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಗೆ ಕುದುರೆ ಅಂತಾರೆ. ಆ ಕುದುರೆ ಮತ್ತು ತಂತಿಯ ನಡುವೆ ದಾರದ ಎಳೆ ಸರಿಸುತ್ತಾ ನಾದ ಅರಳಿಸುತ್ತಾರಲ್ಲ, ಅದು. ಧಾರವಾಡದಲ್ಲಿ ನಿಂತು ಸಂಗೀತದ ‘ಟ್ರೂ’ ಬಿಟ್ಟರೆ ನೀವು ನನ್ನನ್ನು ಮಹಡಿ ಇಳಿಯಲು ಬಿಡುವುದಿಲ್ಲ. ಸ್ವರ ಹಚ್ಚುವುದು ಅಂತೀವಿ ನಾವು. ದೀಪ ಹಚ್ಚುವುದು, ಬಣ್ಣ ಹಚ್ಚುವುದು, ಸ್ವರ ಹಚ್ಚುವುದು. ಷಡ್ಜಕ್ಕೆ, ಅಂದರೆ ‘ಸ’ಕ್ಕೆ, ಅಂಟಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಜವಾರಿ ಚೆನ್ನಾಗಿ ತೆರೆದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸದ ಗಾಂಧಾರ, ಅಂದರೆ ‘ಗ’, ಕೇಳಿಸುತ್ತದೆ. ಅದಕ್ಕೆ ಸ್ವಯಂಭೂ ಗಾಂಧಾರ ಅಂತಾರೆ. ಯಾರೂ ಮೀಟದ ಸ್ವರ. ಅದನ್ನು ನಿಜ ಅನ್ನಬೇಕಾ, ಖರೆ ಅನ್ನಬೇಕಾ? ಕೇಳಿದವರು “ಆಹಾ” ಅನ್ನುತ್ತಾರೆ, ಅಷ್ಟೇ.

ಇನ್ನು ಉತ್ತರ ದಿಕ್ಕು. ಸರ್ವೆ ನಕಾಶೆಯ ಅಂಚಿನಲ್ಲಿ ‘ಟ್ರೂ ನಾರ್ತ್’ ಅಂತ ಒಂದು ಬಾಣ, ದಿಕ್ಸೂಚಿಯ ಉತ್ತರಕ್ಕೆ ಇನ್ನೊಂದು ಬಾಣ ಇರುತ್ತದೆ. ಭೂಮಿ ಯಾವ ಅಚ್ಚಿನ ಮೇಲೆ ತಿರುಗುತ್ತದೋ ಅದರ ಉತ್ತರ ‘ಟ್ರೂ’. ಮತ್ತೆ ಗಾಲಿ, ಮತ್ತೆ ಅಚ್ಚು. ಕಾಂತದ ಮುಳ್ಳು ತೋರಿಸುವುದು ಬೇರೆ, ಅದು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ ಕೂಡ. ನಮ್ಮ ಭಾಗದಲ್ಲಿ ಎರಡರ ಅಂತರ ಬಹಳ ಕಡಿಮೆ. ವಾಸ್ತು ನೋಡಿ ಬಾಗಿಲು ಕಿತ್ತು ಇಡಿಸಿದವರು ನೆಮ್ಮದಿಯಾಗಿರಿ.

ಲೆಕ್ಕಪತ್ರದವರದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1913ರ ಕಂಪನಿ ಕಾಯ್ದೆಯಲ್ಲಿ ಆಯವ್ಯಯ ಪಟ್ಟಿ ‘ಟ್ರೂ ಅಂಡ್ ಕರೆಕ್ಟ್’ ಇರಬೇಕಿತ್ತು. 1956ರಲ್ಲಿ ‘ಕರೆಕ್ಟ್’ ಹೋಗಿ ‘ಫೇರ್’ ಬಂತು. ಹಳೇ ಯಂತ್ರದ ಬೆಲೆ ಎಷ್ಟು ಇಳಿಯಿತು, ಯಾವ ಬಾಕಿ ಬರುವುದಿಲ್ಲ ಅನ್ನುವುದೆಲ್ಲ ಅಂದಾಜು. ಅಂದಾಜನ್ನು ಕರೆಕ್ಟ್ ಅಂತ ಹೇಗೆ ಹೇಳುತ್ತೀರಿ? ಆದರೆ ‘ಟ್ರೂ’ ಉಳಿಯಿತು. ಅಂದಾಜು ಮಾಡಿದವನು ಪ್ರಾಮಾಣಿಕನಾಗಿದ್ದರೆ ಸಾಕು ಅಂತ. ಹಳೆಯ ಬಂಟನ ಅರ್ಥ, ನೋಡಿ, ಆಡಿಟರ ಕೋಟಿನೊಳಗೆ ಕೂತಿದೆ.

ಇನ್ನು ನಾನು ದಿನಾ ಎದುರಿಸುವ ‘ಟ್ರೂ ಕಾಪಿ’.

ನಿಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ಗೊತ್ತು. ಅಂಕಪಟ್ಟಿಯ ಝೆರಾಕ್ಸ್ ಹಿಡಿದು, ಅದು ಮೂಲದ ಹಾಗೇ ಇದೆ ಅಂತ ಸಹಿ ಹಾಕಿಸಲು ಗೆಜೆಟೆಡ್ ಅಧಿಕಾರಿಯನ್ನು ಹುಡುಕುವುದು. ನಮ್ಮ ಊರಲ್ಲಿ ಸಿಗುತ್ತಿದ್ದವರು ದನದ ಡಾಕ್ಟರು ಒಬ್ಬರೇ. ಎಮ್ಮೆಗೆ ಸೂಜಿ ಚುಚ್ಚಿ, ಕೈ ತೊಳೆದುಕೊಂಡು, ಹಸಿರು ಇಂಕಿನಲ್ಲಿ ಸಹಿ ಮಾಡುತ್ತಿದ್ದರು. ಒಂದು ಮೂಲೆಯಲ್ಲಿ ಇಂಕು ಯಾವಾಗಲೂ ಚೂರು ಹರಡಿರುತ್ತಿತ್ತು, ಕೈ ಪೂರ್ತಿ ಒಣಗಿರುತ್ತಿರಲಿಲ್ಲ. ನನ್ನ ಹತ್ತನೇ ತರಗತಿಯ ಅಂಕಗಳು ಖರೆ ಅಂತ ಸರ್ಕಾರ ನಂಬಿದ್ದು ಆ ಹಸಿ ಕೈಯನ್ನು ನಂಬಿ. 2014ರ ಸುಮಾರಿಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಆ ಅಲೆದಾಟ ಎಷ್ಟೋ ಕಡಿಮೆ ಆಯಿತು. ಈಗ ನಮ್ಮ ಅಂಕಪಟ್ಟಿಗೆ ನಾವೇ ಸಾಕ್ಷಿ. ಒಂಥರಾ ಹಸಿರು ಚೀಟಿ.

‘ಟ್ರೂ ಕಾಪಿ’ಗೆ ಮರಾಠಿ ದಫ್ತರದ ಮಾತು ‘ಖರೀ ನಕ್ಕಲ್’. 1956ರ ತನಕ ನಾವು ಮುಂಬೈ ಕಡೆಯವರಲ್ಲವಾ, ಆ ಕಾಲದ ಕಾಗದಗಳಲ್ಲಿ ಅಂಥ ಮಾತುಗಳು ಬೇಕಾದಷ್ಟು. ಕನ್ನಡ ಕಿವಿಗೆ ಅದು ‘ಖರೆ ನಕಲು’. ನಕಲು ಅರಬ್ಬಿ ಪದ, ಮೂಲದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಕಂದಾಯ ಕಚೇರಿಯಲ್ಲಿ ‘ಪಹಣಿ ನಕಲು’ ಅಂದರೆ ಯಾರೂ ಅನುಮಾನ ಪಡುವುದಿಲ್ಲ. ಪರೀಕ್ಷೆಯಲ್ಲಿ ನಕಲು ಅಂದರೆ ಡಿಬಾರ್. ‘ನಕಲಿ’ ಅಂದರೆ ಪೂರಾ ಖೋಟಾ. ಒಂದು ‘ಲು’ ‘ಲಿ’ ಆದರೆ ಜೈಲು. ಹಾಗಾಗಿ ‘ಖರೆ ನಕಲು’ ಅಂದರೆ ನಮ್ಮ ಹುಡುಗರು ನಗುತ್ತಾರೆ. ನಾನು ಈಗ ‘ಮೂಲದಂತಿರುವ ಪ್ರತಿ’ ಅಂತ ಬರೆಯುತ್ತೇನೆ. ಎರಡನೆಯವನು, ಅಂದರೆ ಮೂಲ, ಹೊರಗೆ ಬಂದು ನಿಂತ. ಆದರೂ ಮನಸ್ಸಿನಲ್ಲಿ ನನಗೆ ‘ಖರೆ ನಕಲು’ ಅನ್ನುವುದೇ ಇಷ್ಟ. ನನ್ನ ಕಸುಬಿನ ಹೆಸರು ಅದು.

ಹಿಂದಿನಿಂದ ಒಬ್ಬ ವಕೀಲರು ಕೇಳಿದರು, “ಕೋರ್ಟಿನ ಪ್ರಮಾಣಕ್ಕೆ ಏನ್ ಹೇಳ್ತೀರಿ?” ಅವರು ನಮ್ಮ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಓಡಾಡುವವರು, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಇರುವುದು ಮೂರು ತುಂಡು: ಸತ್ಯ ಹೇಳುತ್ತೇನೆ, ಪೂರ್ತಿ ಸತ್ಯ ಹೇಳುತ್ತೇನೆ, ಸತ್ಯ ಬಿಟ್ಟು ಬೇರೆ ಹೇಳುವುದಿಲ್ಲ. ಅಲ್ಲಿ ನಾನು ‘ಖರೆ’ ಹಾಕಲು ಹೋಗುವುದಿಲ್ಲ. ಅಲ್ಲಿ ಹರಿಶ್ಚಂದ್ರ ಬೇಕು. ನನ್ನ ಅನುಭವದಲ್ಲಿ ಸಾಕ್ಷಿಗಳು ಮೊದಲನೆಯದಕ್ಕೂ ಮೂರನೆಯದಕ್ಕೂ ಹೆದರುತ್ತಾರೆ. ನಡುವಿನದು ಯಾರ ಗಮನಕ್ಕೂ ಬರುವುದಿಲ್ಲ.

ರೈತರ ಕಾಗದ ಏನಾಯಿತು ಅಂತ ಯಾರೋ ಕೇಳಿದರು. ಅದನ್ನು ಹೊಸದಾಗಿ ಬರೆದುಕೊಟ್ಟೆ, ದುಡ್ಡು ತೆಗೆದುಕೊಳ್ಳದೆ. ‘ಈ ಚೀಟಿಯಲ್ಲಿ ಬರೆದದ್ದಕ್ಕೆ ಬೀಜ ಮಾರಿದವರೇ ಹೊಣೆ’ ಅಂತ. ಅವರು ಎರಡು ಸಲ ಓದಿದರು. “ಹಿಂಗ ಬರದ್ರ ಮಾತಾಡಾಕ ಬರ್ತೈತ್ರಿ” ಅಂದು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು.

ಕೊನೆಯ ಪ್ರಶ್ನೆ ಒಬ್ಬಳು ಕಾಲೇಜು ಹುಡುಗಿಯದು. ಪತ್ರದ ಕೊನೆಗೆ ‘ಯುವರ್ಸ್ ಟ್ರೂಲಿ’ ಅಂತ ಬರೆಯುತ್ತಾರಲ್ಲ, ಅದರಲ್ಲಿ ಯಾವ ಸತ್ಯ ಇದೆ ಸರ್ ಅಂತ. ಯಾವ ಸತ್ಯವೂ ಇಲ್ಲ. ಅದೂ ಆ ಹಳೇ ಬಂಟನೇ, ನಿಮ್ಮವನು, ನೆಚ್ಚಬಹುದಾದವನು. ಇದನ್ನು ನಾನು ಹೇಗೆ ಕನ್ನಡ ಮಾಡಬೇಕು ಅಂತ ತಲೆ ಕೆಡಿಸಿಕೊಂಡಿದ್ದಾಗ ನಮ್ಮಜ್ಜನ ಟ್ರಂಕಿನಲ್ಲಿ ಒಂದು ಹಳೇ ಕಾರ್ಡು ಸಿಕ್ಕಿತು. ಗದಗಿನಿಂದ ಯಾರೋ ಬರೆದದ್ದು, ಹತ್ತಿಯ ಧಾರಣೆ, ಮಳೆ, ಒಂದು ಎತ್ತಿನ ಜಡ್ಡು. ಕೊನೆಯ ಸಾಲು ಮೊದಲೇ ಸಿದ್ಧವಾಗಿತ್ತು: ‘ಇಂತಿ ತಮ್ಮ ವಿಶ್ವಾಸಿ’.